ಐದು ಜನ, ಐದು ಪ್ರಶ್ನೆ, ಒಂದು ಅಂಕದ ಹಾಳೆ

ಇಲ್ಲಿ ಸಂದರ್ಶನದ ಬಗ್ಗೆ ಮಾತಾಡಿದಾಗೆಲ್ಲ ಕೆಲಸ ಹುಡುಕುವವರ ಕಡೆಯಿಂದಲೇ ಮಾತಾಡ್ತೀವಿ. ಇವತ್ತು ಮೇಜಿನ ಆ ಕಡೆ ಕೂತವರ ವಿಷಯ. ಯಾಕಂದ್ರೆ ಹೋದ ತಿಂಗಳು ಮೊದಲ ಸಲ ನಾನೇ ಆ ಕಡೆ ಕೂತಿದ್ದೆ.

ಹುಮನಾಬಾದ್‌ನಲ್ಲಿ ಪರಿಚಯದವರ ಒಂದು ಬೇಳೆ ಮಿಲ್ ಇದೆ. ಹೆಸರು ಬೇಡ. ತೊಗರಿ ಖರೀದಿ ಮಾಡ್ತಾರೆ, ಬೇಳೆ ಮಾಡಿ ಹೈದರಾಬಾದ್, ಸೋಲಾಪುರಕ್ಕೆ ಕಳಿಸ್ತಾರೆ. ಲೆಕ್ಕ ಅರ್ಧ ಟ್ಯಾಲಿಯಲ್ಲಿ, ಅರ್ಧ ಮುನೀಮರ ವಹಿಯಲ್ಲಿ, ಇನ್ನೂ ಸ್ವಲ್ಪ ಮುನೀಮರ ತಲೆಯಲ್ಲಿ. ಒಮ್ಮೆ ಸಾಫ್ಟ್‌ವೇರ್ ಮಾಡಿಸಲು ಹೋಗಿ ಕೈ ಸುಟ್ಟುಕೊಂಡಿದ್ರು. ಮಾಲೀಕರಿಗೆ ಏನು ಬೇಕು ಅಂತ ಮಾಡಿಕೊಡುವವನಿಗೆ ತಿಳಿಯಲಿಲ್ಲ, ಅವನು ಏನು ಮಾಡ್ತಾ ಇದ್ದಾನೆ ಅಂತ ಮಾಲೀಕರಿಗೆ ತಿಳಿಯಲಿಲ್ಲ. ಈ ಇಬ್ಬರ ನಡುವೆ ಕೂತು, ಕೆಲಸ ನಿಜವಾಗಿ ಹೇಗೆ ನಡೀತದೆ ಅಂತ ಕೇಳಿ ತಿಳಿದು, ಅದನ್ನು ಬರೆದು, ಅಂಕಿಅಂಶ ನೋಡಿ ಹೇಳುವವರೇ ಬಿಸಿನೆಸ್ ಅನಲಿಸ್ಟ್. ಅಂಥ ಒಬ್ಬರು ಬೇಕಾಗಿತ್ತು. "ನೀ ಬಿ.ಕಾಂ. ಓದಿದಾಂವ, ಮೈಕ್ ಹಿಡ್ಕೊಂಡು ಎಲ್ಲರಿಗೂ ಪ್ರಶ್ನೆ ಕೇಳ್ತಿ, ಬಾ" ಅಂದ್ರು. ಹೋದೆ.

ಹೋಗುವ ಮೊದಲು ಒಂದು ಷರತ್ತು ಹಾಕಿದೆ. ಐದು ಜನ ಬರ್ತಾರೆ, ಐವರಿಗೂ ಅದೇ ಐದು ಪ್ರಶ್ನೆ, ಅದೇ ಕ್ರಮದಲ್ಲಿ. ಒಳ್ಳೆಯ ಉತ್ತರ ಅಂದ್ರೆ ಯಾವುದು ಅಂತ ಮೊದಲೇ ಬರೆದಿಡೋಣ. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ, ಅಲ್ಲಿಂದಲ್ಲೇ. ಮೂರೂ ಜನ, ಅಂದ್ರೆ ಮಾಲೀಕರು, ಮುನೀಮರು, ನಾನು, ನಮ್ಮ ನಮ್ಮ ಹಾಳೆ ತುಂಬುವವರೆಗೆ ಒಬ್ಬರಿಗೊಬ್ಬರು ಮಾತಾಡಬಾರದು.

ಈ ಹಠ ಯಾಕೆ ಅಂದ್ರೆ, ನಾಲ್ಕು ವರ್ಷದ ಹಿಂದೆ ನಾನೂ ಒಂದು ಕಡೆ ಇದೇ ಹುದ್ದೆಗೆ ಹೋಗಿದ್ದೆ. ಎಲ್ಲಿ ಅಂತ ಹೇಳಲ್ಲ. ಮೊದಲ ಪ್ರಶ್ನೆ, ಬಸವಕಲ್ಯಾಣ ಎಲ್ಲಿ ಬರ್ತದೆ? ಸಸ್ತಾಪುರ ಬಂಗ್ಲಾ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು ಅಂತೆಲ್ಲ ವಿವರಿಸಿದೆ. ಎರಡನೇ ಪ್ರಶ್ನೆ, ಇಂಗ್ಲಿಷ್‌ನಲ್ಲಿ ನಿಮ್ಮ ಬಗ್ಗೆ ಹೇಳಿ. ಅಲ್ಲಿಗೆ ಮುಗೀತು. ನನ್ನ ನಂತರ ಒಳಗೆ ಹೋದ ಹುಡುಗನ ಜೊತೆ ಅವರು ಕ್ರಿಕೆಟ್ ಮಾತಾಡಿ ನಗೋದು ಹೊರಗೆ ಕೇಳಿಸ್ತಿತ್ತು. ಅವನು ನನಗಿಂತ ಚೆನ್ನಾಗಿದ್ದನೋ ಏನೋ. ಆದರೆ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿಲ್ಲ ಅಂದಮೇಲೆ ಅದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಇದು ನನ್ನೊಬ್ಬನ ಸಿಟ್ಟಲ್ಲ. 1955ರಲ್ಲಿ ಇಸ್ರೇಲ್ ಸೇನೆಯಲ್ಲಿ ಡೇನಿಯಲ್ ಕಾನ್‌ಮನ್ ಅಂತ 21 ವರ್ಷದ ಲೆಫ್ಟಿನೆಂಟ್, ಮುಂದೆ 2002ರಲ್ಲಿ ನೊಬೆಲ್ ಪಡೆದವರು, ಇದೇ ಸಮಸ್ಯೆ ಎದುರಿಸಿದರು. ಸಂದರ್ಶಕರು ಹರಟೆ ಹೊಡೆದು "ಈ ಹುಡುಗ ಆಗ್ತಾನೆ, ಇವನು ಆಗಲ್ಲ" ಅಂತಿದ್ರು, ಅದು ನಿಜ ಆಗ್ತಾನೇ ಇರಲಿಲ್ಲ. ಕಾನ್‌ಮನ್ ಆರು ಗುಣ ಆರಿಸಿ, ಒಂದೊಂದಕ್ಕೆ ನಿಗದಿತ ಪ್ರಶ್ನೆ ಇಟ್ಟು, ಒಂದಕ್ಕೆ ಅಂಕ ಕೊಟ್ಟ ಮೇಲೇ ಮುಂದಿನದಕ್ಕೆ ಹೋಗಬೇಕು ಅಂದ್ರು. ನಮ್ಮನ್ನು ಯಂತ್ರ ಮಾಡ್ತಿದ್ದೀರಿ ಅಂತ ಸಂದರ್ಶಕರು ಜಗಳ ತೆಗೆದರು. ಫಲಿತಾಂಶ ಮಾತ್ರ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಜಾಲಾಡಿದರು. ಸಂದರ್ಶನದ ಅಂಕಕ್ಕೂ ಮುಂದೆ ಕೆಲಸ ಮಾಡುವ ರೀತಿಗೂ ಇರುವ ನಂಟು, ಚೌಕಟ್ಟಿನ ಸಂದರ್ಶನದಲ್ಲಿ 0.42, ಬಾಯಿಗೆ ಬಂದದ್ದು ಕೇಳುವ ಸಂದರ್ಶನದಲ್ಲಿ 0.19. ಇದು 1ಕ್ಕೆ ಹತ್ತಿರ ಹೋದಷ್ಟೂ ನಂಟು ಗಟ್ಟಿ. 0.42 ಏನೂ ಮಹಾ ಅಲ್ಲ, ನಿಜ. ಇನ್ನೊಂದರ ಎರಡು ಪಟ್ಟು, ಅಷ್ಟೇ.

ಬಸವಕಲ್ಯಾಣದವನಾಗಿ ಅನುಭವ ಮಂಟಪದ ಹೆಸರು ತೆಗೀಲಿಲ್ಲ ಅಂದ್ರೆ ಊಟ ಸೇರಲ್ಲ. ನಮ್ಮೂರಿನ ಅತಿ ಪ್ರಸಿದ್ಧ ಸಂದರ್ಶನ ಅಂದ್ರೆ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಪ್ರಶ್ನಿಸಿದ್ದು, ಶೂನ್ಯಸಂಪಾದನೆಯಲ್ಲಿ ಬರ್ತದೆ. ಅಲ್ಲಿ ಪಟ್ಟಿಯೂ ಇಲ್ಲ, ಅಂಕವೂ ಇಲ್ಲ, ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ತದೆ. ಮಾಲೀಕರು ಇದನ್ನೇ ಎತ್ತಿ ನನ್ನನ್ನು ಕಟ್ಟಿಹಾಕಲು ನೋಡಿದ್ರು. ನಾನಂದೆ, ಅಲ್ಲಿ ಅಕ್ಕ ಒಬ್ಬಳೇ. ಒಬ್ಬರನ್ನು ಆಳವಾಗಿ ತಿಳಿಯೋಕೆ ಆ ದಾರಿ ಸರಿ. ನಮ್ಮ ಮುಂದೆ ಐವರಿದ್ದಾರೆ, ಹೋಲಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ತಕ್ಕಡಿ ಇಟ್ಟರೆ ಬೇಳೆ ವ್ಯಾಪಾರ ನಡೀತದಾ? ಆಗ ಒಪ್ಪಿದರು.

ಪ್ರಶ್ನೆ ಬರೆಯೋಕೇ ಎರಡು ಸಂಜೆ ಹಿಡೀತು. ಅಸಲಿ ಕೆಲಸ ಅದೇ. ಒಂದು ಹೀಗಿತ್ತು: "ಮಾಲೀಕರು ನನಗೊಂದು ಡ್ಯಾಶ್‌ಬೋರ್ಡ್ ಬೇಕು ಅಂತಾರೆ. ನೀವು ಮೊದಲು ಏನು ಮಾಡ್ತೀರಿ?" ಪವರ್ ಬಿಐನಲ್ಲಿ ಮಾಡ್ತೀನಿ ಅಂತ ನೇರ ಸಾಧನಕ್ಕೆ ಹಾರಿದರೆ 1. ಯಾವ ಅಂಕಿ ಬೇಕು ಅಂತ ಕೇಳಿದರೆ 3. ಅದನ್ನು ನೋಡಿ ನೀವು ಯಾವ ತೀರ್ಮಾನ ತಗೋತೀರಿ, ಈಗ ಅದನ್ನು ಹೇಗೆ ತಗೋತಿದ್ದೀರಿ, ಒಂದು ದಿನ ಮುನೀಮರ ಪಕ್ಕ ಕೂರಲಾ ಅಂತ ಕೇಳಿದರೆ 5. ಇನ್ನೊಂದು, ಒಂದು ತಿಂಗಳ ಖರೀದಿ ಮತ್ತು ಉತ್ಪಾದನೆಯ ಎಕ್ಸೆಲ್ ಹಾಳೆ. ನೂರು ಕೆಜಿ ತೊಗರಿಗೆ ಸುಮಾರು ಎಪ್ಪತ್ತು, ಎಪ್ಪತ್ತೈದು ಕೆಜಿ ಬೇಳೆ ಬರಬೇಕು. ಹಾಳೆಯಲ್ಲಿ ಕಡಿಮೆ ಕಾಣ್ತದೆ. ಯಾಕೆ? ನಾವು ಬೇಕಂತಲೇ ಕೆಲವು ಸಾಲು ಕ್ವಿಂಟಲ್‌ನಲ್ಲಿ, ಕೆಲವು ಚೀಲದಲ್ಲಿ ಇಟ್ಟಿದ್ವಿ.

ಭಾಷೆ ಬಗ್ಗೆ ಬಹಳ ಚರ್ಚೆ ಆಯ್ತು. ಇಂಗ್ಲಿಷ್ ಬೇಡವೇ ಬೇಡ ಅನ್ನೋಕಾಗಲ್ಲ, ಸಾಫ್ಟ್‌ವೇರ್ ಮಾಡುವವರಿಗೆ ಬರೆಯಬೇಕಲ್ಲ. ಅದಕ್ಕೆ ಐದನೇ ಪ್ರಶ್ನೆಯಾಗಿ ಒಂದು ಸಣ್ಣ ಇಮೇಲ್ ಬರೆಸಿದ್ವಿ. ಉಳಿದ ನಾಲ್ಕಕ್ಕೆ ಕನ್ನಡ, ಹಿಂದಿ, ಇಂಗ್ಲಿಷ್, ಯಾವುದಾದರೂ ಸರಿ. ಇಂಗ್ಲಿಷ್‌ಗೆ ಒಂದು ಕಡೆ ಅಂಕ ಕೊಡಿ, ಐದೂ ಕಡೆ ಅಲ್ಲ. ಒಬ್ಬರು ಸರಾಗ ಇಂಗ್ಲಿಷ್ ಮಾತಾಡಿದ ಕೂಡಲೇ ಲೆಕ್ಕವೂ ಬರ್ತದೆ, ನಂಬಿಕಸ್ಥರೂ ಹೌದು ಅಂತ ನಮಗೆ ಅನಿಸಿಬಿಡ್ತದೆ.

ಅವತ್ತು ಮೂರನೆಯವನಾಗಿ ಬಂದವನು ನಮ್ಮೂರ ಹುಡುಗ. ನನ್ನ ಹಾಗೇ ಬಿ.ಕಾಂ., ನನ್ನ ಹಾಗೇ ಮಾತು. ನೋಡಿದ ಕೂಡಲೇ ಇವನಿಗೇ ಆಗಲಿ ಅನಿಸಿತು. ಡ್ಯಾಶ್‌ಬೋರ್ಡ್ ಪ್ರಶ್ನೆಗೆ "ಪವರ್ ಬಿಐ ಕಲ್ತೀನ್ರಿ, ಎರಡು ದಿನದಾಗ ಮಾಡಿಕೊಡ್ತೀನಿ" ಅಂದ. ನಾನು 4 ಬರೆದೆ. ಬರೆದು ನಮ್ಮದೇ ಹಾಳೆ ನೋಡಿದೆ. ಅಲ್ಲಿ ನನ್ನ ಕೈಬರಹದಲ್ಲೇ ಇದೆ, ಇದಕ್ಕೆ 1. ಕಾಟು ಹಾಕಿ 1 ಬರೆದೆ, ಮುಖ ಬೆವರಿತು. ಇಂಗ್ಲಿಷ್‌ನವರ ಪಕ್ಷಪಾತ ತಡೆಯೋಕೆ ಮಾಡಿದ ಹಾಳೆ ಮೊದಲು ಹಿಡಿದದ್ದು ನನ್ನನ್ನೇ.

ನಾಲ್ಕನೆಯವಳು ಹುಮನಾಬಾದ್‌ನವಳೇ, ಮೆಲ್ಲ ದನಿ. ಎಕ್ಸೆಲ್ ಹಾಳೆ ನೋಡ್ತಾ ಸುಮಾರು ಒಂದು ನಿಮಿಷ ಸುಮ್ಮನೆ ಕೂತಳು. ಸಂದರ್ಶನದ ಕೋಣೆಯಲ್ಲಿ ಒಂದು ನಿಮಿಷ ಅಂದ್ರೆ ಬಹಳ ಉದ್ದ. ಮಾಲೀಕರು ಕೈಗಡಿಯಾರ ನೋಡಿದ್ರು. ಆಮೇಲೆ ಕೇಳಿದಳು, "ಇದರಾಗ ಚೀಲ ಅಂದ್ರ ಎಷ್ಟು ಕೆಜಿ ರೀ? ಎಲ್ಲಾ ಚೀಲ ಒಂದೇ ತೂಕ ಏನ್ರಿ?" ಅದುವರೆಗೆ ಮೂವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ, ಐದನೆಯವನೂ ಕೇಳಲಿಲ್ಲ. ಮುನೀಮರು ಬಗ್ಗಿ ಏನೋ ಬರೆದರು.

ಅವಳು ಏಳುವ ಮೊದಲು ಮಾಲೀಕರು "ಮದುವಿ ಯಾವಾಗಮ್ಮ?" ಅಂತ ಶುರು ಮಾಡಿದ್ರು. ಪಟ್ಟಿಯಲ್ಲಿ ಇಲ್ಲದ್ದು ಕೇಳೋ ಹಾಗಿಲ್ಲ ಅಂದೆ. ಕೇಳಲೇಬೇಕಂದ್ರೆ ಹಿಂದಿನ ಮೂರು ಹುಡುಗರನ್ನೂ ವಾಪಸ್ ಕರೆದು ಕೇಳೋಣ ಅಂದೆ. ಮುನೀಮರು ನಕ್ಕುಬಿಟ್ಟರು, ಮಾಲೀಕರಿಗೂ ನಗದೆ ವಿಧಿ ಇರಲಿಲ್ಲ. ಆ ಪ್ರಶ್ನೆ ಅಲ್ಲಿಗೇ ಬಿತ್ತು.

ಮೂವರ ಹಾಳೆ ಕೂಡಿಸಿದಾಗ 75ಕ್ಕೆ ಅವಳಿಗೆ 61. ಹೈದರಾಬಾದ್‌ನಿಂದ ಬಂದ, ಚೆಂದ ಇಂಗ್ಲಿಷ್ ಮಾತಾಡಿದ ಹುಡುಗನಿಗೆ 52. ನಮ್ಮೂರವನಿಗೆ 44. "ಆ ಹುಡುಗಿ ಮಾತೇ ಆಡಲ್ಲಲ್ಲಪಾ" ಅಂತ ಮಾಲೀಕರು ಅರ್ಧ ತಾಸು ವಾದ ಮಾಡಿದ್ರು. ಎರಡನೇ ಪ್ರಶ್ನೆಗೆ ನೀವೇ 5 ಕೊಟ್ಟೀರಲ್ಲ ಅಂತ ಮುನೀಮರು ಹಾಳೆ ತೋರಿಸಿದ್ರು. ಅವಳು ಈಗ ಕೆಲಸಕ್ಕೆ ಸೇರಿ ಎರಡು ವಾರ. ಹೇಗೆ ಮಾಡ್ತಾಳೆ ಅಂತ ಹೇಳೋಕೆ ಇನ್ನೂ ಬೇಗ.

ನಮ್ಮೂರ ಹುಡುಗ ಮೂರನೇ ದಿನ ಫೋನ್ ಮಾಡಿದ. ನನಗ್ಯಾಕೆ ಆಗಲಿಲ್ಲ ಸರ್ ಅಂದ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಫೋನ್ ಮಾಡಿದ್ದೆ, ನಮಗೆ ಹೊಂದಲ್ಲ ಅಂತ ಒಂದೇ ಮಾತು ಬಂದಿತ್ತು. ಈ ಸಲ ನನ್ನ ಕೈಯಲ್ಲಿ ಹಾಳೆ ಇತ್ತು. ಯಾವ ಪ್ರಶ್ನೆಗೆ ಎಷ್ಟು, ಯಾಕೆ, ಎಲ್ಲಿ ಅವಸರ ಮಾಡಿದ, ಎಲ್ಲಿ ಚೆನ್ನಾಗಿ ಹೇಳಿದ, ಹತ್ತು ನಿಮಿಷ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಸರ್, ಆ ಚೀಲ ಎಷ್ಟು ಕೆಜಿದಿತ್ತು?"