ಮಣ್ಣು ಹೊತ್ತವರು ನಾವು, ನೀರು ಯಾರದು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಜತ್ತ ತಾಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮೋಡ ಬರ್ತಾವ, ಹಂಗ ಹೋಗ್ತಾವ. ನೆಲದ ಕೆಳಗೆ ಕರಿಕಲ್ಲು. ಬಿದ್ದಷ್ಟು ಮಳೆ ಮುರುಮಿನಲ್ಲಿ, ಬಂಡೆಯ ಬಿರುಕಿನಲ್ಲಿ ಮಾತ್ರ ನಿಲ್ಲುತ್ತದೆ. ಆ ಬಿರುಕಿಗೆ ಯಾರ ಬದುವೂ ಗೊತ್ತಿಲ್ಲ. ಒಬ್ಬರು ಆಳಕ್ಕೆ ಬೋರ್ ಹಾಕಿದರೆ ಬಾಜೂಕಿನವರ ಬಾವಿ ಬತ್ತಬಹುದು.

1972ರ ಬರಗಾಲ ಹಿರಿಯರಿಗೆ ನೆನಪೈತಿ. ಸರಕಾರ ಕಾಮಗಾರಿ ತೆಗೆಯಿತು: ರಸ್ತೆ, ಖಡಿ ಒಡೆಯುವುದು, ಪಾಝರ ತಲಾವ. ನಮ್ಮ ವಸ್ತಿಯ ತಾಯಂದಿರು ಕೂಸುಗಳನ್ನು ಗಿಡದ ನೆರಳಿಗೆ ಮಲಗಿಸಿ ಬುಟ್ಟಿ ಮಣ್ಣು ಹೊತ್ತರು. ಆ ಕೂಸುಗಳಲ್ಲಿ ನಾನೂ ಒಬ್ಬ. ಪಾಝರ ತಲಾವದ ನೀರು ಇಂಗಿ ಕೆಳಗಿನ ಬಾವಿಗಳಿಗೆ ಸೆಲೆಯಾಗುತ್ತದೆ. ಕೆಳಗೆ ಹೊಲ ಇದ್ದವರ ಬಾವಿ ತುಂಬಿತು. ಮಣ್ಣು ಹೊತ್ತವರಿಗೆ ಹೊಲಾನೂ ಇರಲಿಲ್ಲ, ಬಾವೀನೂ ಇರಲಿಲ್ಲ. ಮುಂದೆ ಅದೇ ಬಾವಿಯ ದಂಡೆಗೆ ನಮ್ಮವ್ವ "ಒಂದ್ ಕೊಡ ನೀರ ಹಾಕ್ರೀ ಯಪ್ಪಾ" ಅಂತ ದೂರ ನಿಂತಾಗ, ನಾನು ಆಕಿ ಸೆರಗು ಹಿಡಿದು ನಿಂತಿದ್ದೆ.

ಮಹಾಡದ ಪುರಸಭೆ 1924ರಲ್ಲೇ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತ್ತು. ಆದರೂ ನಮ್ಮವರು ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ನೀರು ಕುಡಿದರು. ಕೋರ್ಟಿನಲ್ಲಿ ನ್ಯಾಯ ಸಿಗಲು 1937 ಬರಬೇಕಾಯಿತು. ಕಾಗದದ ಹಕ್ಕಿಗೆ ಕಾಲು ಕೊಡುವವರು ನಾವೇ.

ಇವತ್ತೂ ಹಂಗ ಐತಿ. ಸಾರ್ವಜನಿಕ ಬಾವಿ, ಕೆರೆಗಳಲ್ಲಿ ಜಾತಿಭೇದ ಸಲ್ಲದೆಂದು ಸಂವಿಧಾನದ 15ನೇ ಕಲಮು ಹೇಳುತ್ತದೆ. ಕುಡಿಯುವ ನೀರಿನ ಸಾರ್ವಜನಿಕ ಬಾವಿಯಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡಬಾರದೆಂದು ಮಹಾರಾಷ್ಟ್ರದಲ್ಲಿ 1993ರಲ್ಲೇ ಕಾಯ್ದೆ ಬಂದಿದೆ. ಆದರೆ ನಮ್ಮ ವಸ್ತಿಯ ಬಾವಿ ಸುತ್ತ ಬೋರ್ ಬಿದ್ದಾಗ ಕೇಳಿದವರು ಯಾರು? ಟ್ಯಾಂಕರ್ ಊರೊಳಗೇ ಖಾಲಿಯಾಗಿ ಹೋದಾಗ ಬರೆದಿಟ್ಟವರು ಯಾರು?

ತಮ್ಮಂದಿರೆ, ತಂಗಿಯರೆ, ಮೇ 1ರ ಗ್ರಾಮಸಭೆಗೆ ಎಲ್ಲರೂ ಬರ್ರಿ. ಎರಡೇ ಮಾತು ಕೇಳೋಣ. ವಸ್ತಿಯ ಬಾವಿ ಸಾರ್ವಜನಿಕ ಎಂದು ದಫ್ತರದಲ್ಲಿ ಐತೇನು? ಟ್ಯಾಂಕರ್ ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಉತ್ತರವನ್ನು ಠರಾವಿನಲ್ಲಿ ಬರೆಸಿಯೇ ಏಳೋಣ. ಇದು ಯಾರ ಮೇಲಿನ ಸಿಟ್ಟೂ ಅಲ್ಲ. ಬಾವಿ ಬತ್ತಿದರೆ ನೆರೆಯವರ ಕೊಡವೂ ಬರಿದೇ.

ನಾಳೆ ಮ್ಹೈಸಾಳ ಯೋಜನೆಯ ಕೃಷ್ಣಾ ನೀರು ನಮ್ಮ ತಲಾವ ತುಂಬಿದರೂ ಈ ಪ್ರಶ್ನೆ ಉಳಿಯುತ್ತದೆ. ಅವ್ವ ಕೇಳಿದ್ದು ಬೇಡಿಕೆ ಆಗಿತ್ತು. ನಾವು ಕೇಳೋದು ಲೆಕ್ಕ.

ಜೈ ಭೀಮ್.