ಕರಡಿ ಪಟ್ಟಿ ಎಲ್ಲಿ ಹೋಯಿತು?

ಹೊಸಪೇಟೆಯಿಂದ ಕಮಲಾಪುರ ದಾಟಿ ಹೋದರೆ ದರೋಜಿ ಕರಡಿಧಾಮ ಸಿಗುತ್ತದೆ. 1994ರಲ್ಲಿ ಆದದ್ದು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ಗುಡ್ಡದ ಸಂದಿಗಳಿಂದ ಕರಡಿಗಳು ಬಂದು ಬಂಡೆ ನೆಕ್ಕುತ್ತವೆ. ಒಮ್ಮೊಮ್ಮೆ ತಾಯಿಯ ಬೆನ್ನ ಮೇಲೆ ಮರಿ ಕೂತಿರುತ್ತದೆ. ದೂರದ ಗೋಪುರದಲ್ಲಿ ನಿಂತು ನಾವು ನೋಡಬಹುದು.

ಬಂದ ಕರಡಿಗಳ ಪಟ್ಟಿ ಇಡಲು ನೀವೊಂದು ಸಿ ಪ್ರೋಗ್ರಾಂ ಬರೆದಿರಿ ಅನ್ನೋಣ. ಕೀ ಒತ್ತಿದಾಗಲೆಲ್ಲ ಫೈಲಿನಲ್ಲಿ ‘ಕರಡಿ’ ಎಂದು ಒಂದು ಸಾಲು. ಬರೆಯುವ ಕೆಲಸ ಎಫ್‌ಪ್ರಿಂಟ್‌ಎಫ್‌ನದು. ಎಷ್ಟು ಬೈಟ್ ಬರೆದೆ ಎಂದು ಪ್ರತಿಸಲವೂ ಅದು ಲೆಕ್ಕ ಒಪ್ಪಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕ, ರ, ಡ ಒಂದೊಂದಕ್ಕೂ 3 ಬೈಟ್, ‘ಡಿ’ಯ ಗುಡಿಸಿಗೆ ಬೇರೆ 3. ಅಲ್ಲಿಗೆ 12. ಸಾಲು ಮುಗಿಸಲು ಇನ್ನೊಂದು. 13 ಬಂದರೆ ಸರಿ, ಸೊನ್ನೆಗಿಂತ ಕಡಿಮೆ ಬಂದರೆ ಏನೋ ಕೆಟ್ಟಿದೆ. ಇಷ್ಟು ನೋಡಿಕೊಂಡರೆ ಸಾಕಲ್ಲವೇ?

ಸಾಲದು. ಬೇಕಾದರೆ ಪರೀಕ್ಷೆ ಮಾಡಿ. ಲಿನಕ್ಸ್‌ನಲ್ಲಿ ‘/ಡೆವ್/ಫುಲ್’ ಎಂಬ ಒಂದು ತಮಾಷೆಯ ಫೈಲಿದೆ. ತೆರೆಯಲು ಹೋದರೆ ತೆರೆದುಕೊಳ್ಳುತ್ತದೆ, ಬರೆಯಲು ಹೋದರೆ ಯಾವಾಗಲೂ ‘ಜಾಗ ಇಲ್ಲ’ ಅನ್ನುತ್ತದೆ. ಡಿಸ್ಕ್ ತುಂಬಿದಾಗ ಪ್ರೋಗ್ರಾಂ ಏನು ಮಾಡುತ್ತದೆಂದು ನೋಡಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ. ಅದಕ್ಕೆ ಒಂದು ‘ಕರಡಿ’ ಬರೆಸಿ. ಎಫ್‌ಪ್ರಿಂಟ್‌ಎಫ್ ಆರಾಮಾಗಿ 13 ಅನ್ನುತ್ತದೆ!

ಸುಳ್ಳೇ? ಪೂರ್ತಿ ಸುಳ್ಳಲ್ಲ. ಕಂಪ್ಲಿಯ ಭತ್ತದ ರೈತ ಒಂದೊಂದು ಸೇರನ್ನೂ ಹೊತ್ತು ಗೋದಾಮಿಗೆ ಓಡುವುದಿಲ್ಲ, ಚೀಲ ತುಂಬಿದ ಮೇಲೆ ಒಯ್ಯುತ್ತಾನೆ. ಗೋದಾಮಿನಲ್ಲಿ ಜಾಗ ಇದೆಯೋ ಇಲ್ಲವೋ ತಿಳಿಯುವುದು ಅಲ್ಲಿಗೆ ಹೋದಾಗಲೇ. ಸಿ ಭಾಷೆಯಲ್ಲೂ ಅಂಥದೊಂದು ಚೀಲವಿದೆ, ಬಫರ್ ಅಂತ ಹೆಸರು. ಎಫ್‌ಪ್ರಿಂಟ್‌ಎಫ್ 13 ಬೈಟ್ ಹಾಕಿದ್ದು ಅದರೊಳಕ್ಕೆ. ಡಿಸ್ಕಿನ ಸುದ್ದಿ ಅದಕ್ಕೆ ಇನ್ನೂ ಗೊತ್ತಿಲ್ಲ. ಬಫರ್ 4096 ಬೈಟಿನದಾದರೆ 315 ಕರಡಿಗಳು ಅದರಲ್ಲಿ ಹಿಡಿಸುತ್ತವೆ, ಒಂದು ಬೈಟ್ ಉಳಿಯುತ್ತದೆ. 316ನೆಯ ಕರಡಿ ಬಂದಾಗಲೇ ಗುಟ್ಟು ರಟ್ಟಾಗುವುದು. ಸಂಜೆಗೆ ಹತ್ತೋ ಹನ್ನೆರಡೋ ಕರಡಿ ಬಂದರೆ ಕೊನೆಯವರೆಗೂ ಎಲ್ಲವೂ 13, 13, 13.

ಹಾಗಾದರೆ ಕೇಳಬೇಕಾದ್ದು ಫೈಲ್ ಮುಚ್ಚುವಾಗ. ಎಫ್‌ಕ್ಲೋಸ್ ಉಳಿದ ಬೈಟ್‌ಗಳನ್ನೆಲ್ಲ ಹೊರಗೆ ಕಳಿಸಿ ಆಮೇಲೆ ಮುಚ್ಚುತ್ತದೆ. ಸರಿಹೋದರೆ 0, ಇಲ್ಲದಿದ್ದರೆ ‘ಇಒಎಫ್’ ಎಂಬ ಬೇರೆ ಬೆಲೆ ಕೊಡುತ್ತದೆ. ಫೈಲ್ ತೆರೆಯುವ ಎಫ್‌ಓಪನ್‌ನ ಫಲಿತಾಂಶವನ್ನು ಎಲ್ಲರೂ ನೋಡುತ್ತಾರೆ, ಎಫ್‌ಕ್ಲೋಸ್‌ನದನ್ನು ದೊಡ್ಡವರೂ ನೋಡುವುದಿಲ್ಲ. ಇನ್ನೊಂದು ಮಾತು: ಮಧ್ಯದಲ್ಲಿ ಒಮ್ಮೆ ಬರವಣಿಗೆ ಕೆಟ್ಟು ಆಮೇಲೆ ಸರಿಹೋಗಿರಬಹುದು. ಕೆಟ್ಟ ಗುರುತು ಮಾತ್ರ ಅಳಿಸಿರುವುದಿಲ್ಲ, ಎಫ್‌ಎರರ್ ಕೇಳಿದರೆ ಹೇಳುತ್ತದೆ. ಆದರೆ ಎಫ್‌ಕ್ಲೋಸ್‌ಗೆ ಮುಂಚೆಯೇ ಕೇಳಬೇಕು. ಮುಚ್ಚಿದ ಮೇಲೆ ಆ ಫೈಲಿನ ಬಗ್ಗೆ ಕೇಳುವುದೇ ತಪ್ಪು.

ಕರಡಿ ಪಟ್ಟಿ ಕಳೆದರೆ ನಾಳೆ ಮತ್ತೆ ಬರೆಯಬಹುದು. ಆದರೆ ಇದೇ ದರೋಜಿಯವರು ಬುರ್ರಕಥಾ ಈರಮ್ಮ. ಓದುಬರಹ ಬಾರದಿದ್ದರೂ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅಂಥವರ ಹಾಡನ್ನು ಕೇಳಿ ಕೇಳಿ ಟೈಪ್ ಮಾಡಿದ ಫೈಲು ಮಾತಿಲ್ಲದೆ ಮಾಯವಾದರೆ ಮತ್ತೆ ಹಾಡಿಸುವುದು ಯಾರಿಂದ? ಅಂಥ ಫೈಲಿಗೆ ಎಫ್‌ಕ್ಲೋಸ್‌ನ 0 ಕೂಡ ಸಾಲದು. ಆ ಬೈಟ್‌ಗಳನ್ನು ಪಡೆದ ಆಪರೇಟಿಂಗ್ ಸಿಸ್ಟಮ್ ಅವನ್ನು ತನ್ನ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಹೋಯಿತು. ಮೊದಲು ಬಫರ್ ಖಾಲಿ ಮಾಡುವ ಎಫ್‌ಫ್ಲಶ್, ಆಮೇಲೆ ‘ಡಿಸ್ಕಿಗೆ ಇಳಿಸಿಯೇ ಉತ್ತರ ಕೊಡು’ ಎಂದು ಒತ್ತಾಯಿಸುವ ಎಫ್‌ಸಿಂಕ್, ಕೊನೆಗೆ ಎಫ್‌ಕ್ಲೋಸ್. ಮೂರರ ಉತ್ತರವನ್ನೂ ನೋಡಬೇಕು.

ಸಿ ಕಲಿಯುವವರೆಲ್ಲ ಮೊದಲು ಬರೆಯುವ ‘ಹಲೋ ವರ್ಲ್ಡ್’ ಪ್ರೋಗ್ರಾಂ ಇದೆಯಲ್ಲ, ಅದರ ಔಟ್‌ಪುಟ್ಟನ್ನು ‘/ಡೆವ್/ಫುಲ್’ಗೆ ತಿರುಗಿಸಿ ನೋಡಿ. ಒಂದಕ್ಷರವೂ ಎಲ್ಲೂ ಹೋಗಿರುವುದಿಲ್ಲ, ಆದರೂ ಪ್ರೋಗ್ರಾಂ 0 ಕೊಟ್ಟು, ಗೆದ್ದೆ ಅಂದುಕೊಂಡು ಮುಗಿಯುತ್ತದೆ. ಅದರ ಬಾಯಲ್ಲಿ ನಿಜ ಹೇಳಿಸಲು ಎಷ್ಟು ಸಾಲು ಸೇರಿಸಬೇಕು? ಇದನ್ನು ನೀವೇ ಮಾಡಿ.