ಹಬ್ಬದ ಮನೆಯೇ ಮಗುವಿನ ಮೊದಲ ಪಾಠಶಾಲೆ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ಒಂದು ಸಂಘದ ಸಭೆಗೆ ಹೋಗಿದ್ದೆ. ಸದಸ್ಯೆಯೊಬ್ಬರು ಎರಡು ಸಾವಿರ ರೂಪಾಯಿ ಸಾಲ ಕೇಳಿದರು. ಎಂತಕ್ಕೆ ಅಂತ ವಿಚಾರಿಸಿದರೆ, ಐದು ವರ್ಷದ ಮಗಳನ್ನು ಟ್ಯೂಷನ್‌ಗೆ ಹಾಕಲಿಕ್ಕಂತೆ. "ನಾನು ಕಲಿತದ್ದು ನಾಲ್ಕನೇ ಕ್ಲಾಸು, ಸಿಸ್ಟರ್. ನಾನು ಎಂತ ಕಲಿಸುವುದು?" ಎಂದು ತಲೆ ತಗ್ಗಿಸಿದರು. ಸಾವಿರ ಬೀಡಿಗಳ ಲೆಕ್ಕ ತಪ್ಪದೆ ಇಡುವ ತಾಯಿ ತನಗೆ ಏನೂ ಬರುವುದಿಲ್ಲ ಎಂದು ನಂಬಿದ್ದರು. ನನಗೆ ಬೇಸರವಾಯಿತು.

ಮಗುವಿನ ಮೆದುಳಿನ ಬೆಳವಣಿಗೆಯ ಶೇಕಡಾ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ವಯಸ್ಸಿನ ಮಗು ಕಾಪಿ ಬರೆದು ಕಲಿಯುವುದಕ್ಕಿಂತ ಮುಟ್ಟಿ, ಆಡಿ, ಮಾತಾಡಿ ಕಲಿಯುವುದೇ ಹೆಚ್ಚು. ಅದಕ್ಕೆ ಹಬ್ಬದ ದಿನಗಳಿಗಿಂತ ಒಳ್ಳೆಯ ಸಮಯ ಬೇರೆ ಇಲ್ಲ.

ನಮ್ಮ ಕರಾವಳಿಯ ಮೊಂತಿ ಹಬ್ಬವನ್ನೇ ನೋಡಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಒಯ್ಯುತ್ತಾರೆ. ಸೆಪ್ಟೆಂಬರ್ 8ರಂದು ಹಬ್ಬ. ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಹೊಸ ಅಕ್ಕಿ ಊಟ ಇದೆ. ಇದರಲ್ಲೇ ಎಷ್ಟು ಪಾಠ ಇದೆ!

ಹೂ: ಬುಟ್ಟಿಗೆ ಹಾಕುವ ಮೊದಲು ಬಣ್ಣ ಬಣ್ಣ ಬೇರೆ ಮಾಡಿಸಿ. ಮೂರು ವರ್ಷದ ಮಗು ಮೂರು-ನಾಲ್ಕು ಹೂ ಎಣಿಸಿದರೆ ಸಾಕು. ಐದು ವರ್ಷದ್ದಾದರೆ, "ಹತ್ತರಲ್ಲಿ ಎರಡು ತಂಗಿಗೆ ಕೊಟ್ಟರೆ ಎಷ್ಟು ಉಳೀತು?" ಅಂತ ಕೇಳಿ. ಒಂಟಿ ದಾಸವಾಳದ ಎಸಳು ಎಣಿಸಲಿ, ಐದು ಸಿಗುತ್ತದೆ.

ತೆನೆ: ಒಂದು ಕಾಳಿನ ಹೊಟ್ಟು ಸುಲಿದು ಒಳಗಿನ ಅಕ್ಕಿ ತೋರಿಸಿ. ಬಿತ್ತನೆಗೆ ಇಟ್ಟ ಭತ್ತ ಒಂದು ಮುಷ್ಟಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ. ಮೊಳಕೆ ಬಂದ ಮೇಲೆ ತೆಂಗಿನ ಗೆರಟೆಯಲ್ಲಿ ಮಣ್ಣು ಹಾಕಿ ನೆಡಲಿ. ಎಷ್ಟು ಎತ್ತರ ಬಂತು ಎಂದು ದಿನಾ ಕಡ್ಡಿಯಿಂದ ಅಳೆಯಲಿ.

ಊಟ: ಆ ದಿನ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ಪದಾರ್ಥ ಮಾಡುವ ಕ್ರಮವಿದೆ. ಮಗುವೇ ಎಣಿಸಲಿ. ಎಷ್ಟು ಜನ, ಎಷ್ಟು ಎಲೆ? ಮಾವ ಬಂದರೆ ಇನ್ನೆಷ್ಟು ಬೇಕು? ಗೆರಸೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ಅಕ್ಷರ ಬರೆಸಿ. ತಪ್ಪಿದರೆ ಅಲ್ಲಾಡಿಸಿದರಾಯಿತು, ರಬ್ಬರೂ ಬೇಡ.

ಕಥೆ: ಹಿಂದೆ ಗದ್ದೆ ಕೊಯ್ಲು ಹೇಗಿತ್ತು ಎಂದು ಅಜ್ಜಿ ಹೇಳಲಿ. ತುಳು, ಕೊಂಕಣಿ, ಬ್ಯಾರಿ, ಮನೆಯ ಭಾಷೆಯಲ್ಲೇ ಹೇಳಲಿ. ರಂಜಾನ್ ಆಚರಿಸುವ ಮನೆಯ ಮಗು ಚಂದ್ರ ಬೆಳೆಯುವುದನ್ನು ನೋಡಿ ಚಿತ್ರ ಬಿಡಿಸಲಿ. ದೀಪಾವಳಿಗೆ ಹಣತೆ ಸಾಲಾಗಿ ಇಡಲಿ, ಹಚ್ಚುವ ಕೆಲಸ ಮಾತ್ರ ದೊಡ್ಡವರದ್ದು.

ಕೆಲವು ಎಚ್ಚರಿಕೆ. ಚಿಕ್ಕ ಮಕ್ಕಳು ಕಾಳನ್ನು ಮೂಗು, ಕಿವಿಗೆ ತುರುಕುತ್ತವೆ, ಆದ್ದರಿಂದ ಹತ್ತಿರವೇ ಕುಳಿತಿರಿ. ಬೆಂಕಿ, ಕತ್ತಿ ದೂರವಿರಲಿ. ಹದಿನೈದು ನಿಮಿಷ ಸಾಕು, ಮಗುವಿಗೆ ಬೇಜಾರಾದರೆ ಬಿಟ್ಟುಬಿಡಿ. ತಪ್ಪಿದರೆ ಬೈಯಬೇಡಿ, ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ಅಪ್ಪಂದಿರೂ ಜೊತೆಗೆ ಕೂರಲಿ. ರಜೆ ಮುಗಿದ ಮೇಲೆ ಅಂಗನವಾಡಿ ತಪ್ಪಿಸಬೇಡಿ. ಮನೆಯ ಕಲಿಕೆ ಅದಕ್ಕೆ ಬದಲಿ ಅಲ್ಲ, ಅದರ ಜೊತೆಗಾರ.

ಆ ಸಾಲ ಏನಾಯಿತು ಎಂದು ಕೇಳುತ್ತೀರಾ? ಸಂಘ ಬೇಡ ಎನ್ನಲಿಲ್ಲ. "ಹಬ್ಬ ಮುಗಿಯುವವರೆಗೆ ನೀವೇ ಕಲಿಸಿ ನೋಡಿ, ಮತ್ತೆ ಬೇಕಾದರೆ ಕೊಡುವ" ಎಂದಿತು. ಹಬ್ಬದ ನಂತರದ ಸಭೆಗೆ ಅವರು ಮಗಳನ್ನೂ ಕರೆತಂದರು. ಮಗು ಎದ್ದು ನಿಂತು ನಮ್ಮ ಹಾಜರಾತಿ ಎಣಿಸಿತು. ಹದಿನೈದನ್ನು ಬಿಟ್ಟು ಹದಿನಾರಕ್ಕೆ ಹಾರಿತು. ಯಾರೂ ನಗಲಿಲ್ಲ. ತಾಯಿ ಮೆಲ್ಲಗೆ "ಪುನಃ ಎಣಿಸು ಮಗಾ" ಎಂದರು. ಎರಡನೇ ಸಲ ಸರಿಯಾಯಿತು. ಆ ತಾಯಿ ಸಾಲದ ಮಾತೆತ್ತಲಿಲ್ಲ. ಅಂದು ಅವರ ತಲೆಯೂ ತಗ್ಗಿರಲಿಲ್ಲ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೆ, ನಿಮ್ಮ ಮಗು ಮನೆಯಲ್ಲಿ ಏನು ಕಲಿಯಿತು ಎಂಬುದನ್ನೂ ಒಬ್ಬೊಬ್ಬರಾಗಿ ಹೇಳಿ. ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.